ಹೊಟ್ಟೆ ತುಂಬಿ ಮಲಗಿದ ಹುಳು

ನಮ್ಮೂರಿಗೆ ಚಳಿ ಎಲ್ಲರ ಮನೆಗೂ ಒಟ್ಟಿಗೆ ಬರುವುದಿಲ್ಲ. ದಿನಕ್ಕೊಂದು ಮನೆಯಂತೆ ಸರದಿಯ ಮೇಲೆ ಬರುತ್ತದೆ. ಊರ ಬಾಗಿಲ ಬಳಿಯ ಮೊದಲ ಮನೆಯಿಂದ ಹಿಡಿದು ಕೊನೆಯಲ್ಲಿರುವ ನಮ್ಮ ಮನೆಯವರೆಗೆ ಎರಡು ತಿಂಗಳು ಹಿಡಿಯುತ್ತದೆ. ಚಳಿ ಇರುವ ಮನೆಯಲ್ಲಿ ಹಂಡೆಯ ನೀರು ಕಲ್ಲಾಗಿ, ಮಾತಾಡಿದರೆ ಬಾಯಿಂದ ಹೊಗೆ ಬರುತ್ತಿದ್ದರೆ, ಪಕ್ಕದ ಮನೆಯವರು ಅಂಗಿ ಬಿಚ್ಚಿ ಕಟ್ಟೆಯ ಮೇಲೆ ಕೂತು ಬೀಸಣಿಗೆ ಆಡಿಸುತ್ತಿರುತ್ತಾರೆ. ಬೆಳಿಗ್ಗೆ ಬಂದು, ಒಂದು ಹಗಲು ಒಂದು ರಾತ್ರಿ ಇದ್ದು, ಮಾರನೆಯ ಬೆಳಿಗ್ಗೆ ಪಕ್ಕದ ಮನೆಗೆ ಹೊರಟುಬಿಡುತ್ತದೆ. ಅದನ್ನು ನಾವು ಚಳಿ ಎಂದು ಕರೆಯುವುದಿಲ್ಲ, ಬೀಗರು ಎನ್ನುತ್ತೇವೆ. ವರ್ಷಕ್ಕೊಮ್ಮೆ ಬರುವವರು, ಬಂದ ಮೇಲೆ ಏನೂ ಅನ್ನುವ ಹಾಗಿಲ್ಲ, ಹೋದ ಮೇಲೆ ನೆನೆಯದೆ ಇರುವ ಹಾಗಿಲ್ಲ. ಇನ್ನೇನೆಂದು ಕರೆಯಬೇಕು?

ಬೀಗರು ನಮ್ಮ ಮುಖ ನೋಡಲು ಬರುವುದಿಲ್ಲ, ಮರ ನೋಡಲು ಬರುತ್ತಾರೆ. ಒಂದೊಂದು ಹಿತ್ತಲಿಗೂ ಒಂದೊಂದು ಮರಸೇಬಿನ ಗಿಡವಿದೆ. ಒಂದು ದಿನದ ಚಳಿ ತಿಂದರೆ ಅದು ಹೂ ಬಿಡುತ್ತದೆ. ಮರ ಸತ್ತ ಮನೆಗೆ ಬೀಗರು ಬರುವುದಿಲ್ಲ. ಬೀಗರು ಬರದ ಮನೆಯಲ್ಲಿ ಮುಂದೆ ಯಾರಿಗೂ ನಿದ್ದೆ ಬರುವುದಿಲ್ಲ. ಹಾಸಿಗೆ ಬದಲಿಸಿ, ದಿಕ್ಕು ಬದಲಿಸಿ, ಗಸಗಸೆ ಅರೆದು ಕುಡಿದು ಎಲ್ಲ ನೋಡಿದ್ದಾರೆ. ಆಗುವುದಿಲ್ಲ ಎಂದರೆ ಆಗುವುದಿಲ್ಲ.

ಅಡಿವೆಪ್ಪಜ್ಜನ ಮರ ಸತ್ತು ಮೂರು ವರ್ಷವಾಗಿತ್ತು. ಅಜ್ಜ ನಮ್ಮೂರಿನ ಹಿರಿಯ, ಸರದಿ ತಪ್ಪದಂತೆ ನೋಡುವವನು. ಅವನಿಗೇ ಸರದಿ ಇಲ್ಲದಂತಾಯಿತು. ಚಳಿಗಾಲದ ಎರಡು ತಿಂಗಳು ಅವನು ಚಾದರ ಹೆಗಲಿಗೆ ಹಾಕಿಕೊಂಡು ಬೀಗರ ಹಿಂದೆಯೇ ಮನೆಯಿಂದ ಮನೆಗೆ ಹೋಗುತ್ತಿದ್ದ. ಚಳಿ ಇದ್ದ ಮನೆಯ ಪಡಸಾಲೆಯಲ್ಲಿ ಅವನಿಗೆ ನಾಲ್ಕು ತಾಸು ಕಣ್ಣು ಮುಚ್ಚುತ್ತಿತ್ತು. ಉಳಿದ ಹತ್ತು ತಿಂಗಳು ಕೆಂಗಣ್ಣು ಬಿಟ್ಟುಕೊಂಡು ಊರು ಸುತ್ತುವುದೇ ಆಗಿತ್ತು. ಅವನ ಪಕ್ಕದ ಮನೆಯ ಮರವೂ ಹೋದಾಗ ಆ ಮನೆಯ ಹಸುಗೂಸು ಹದಿನಾರು ದಿನ ಕಣ್ಣು ಮುಚ್ಚದೆ ಅತ್ತಿತು. ಹದಿನೇಳನೆಯ ದಿನ ಗಂಡ ಹೆಂಡತಿ ಗಂಟುಮೂಟೆ ಕಟ್ಟಿ ಊರು ಬಿಟ್ಟರು. ಆ ಕೂಸಿನ ಅಳು ಈಗಲೂ ನನ್ನ ಕಿವಿಯಲ್ಲಿದೆ.

ಇದಕ್ಕೆಲ್ಲ ಕಾರಣ ಒಂದು ಹುಳು. ಅಕ್ಕಿಕಾಳಿನಷ್ಟು ದಪ್ಪ, ಕಿರುಬೆರಳ ಗೆಣ್ಣಿನಷ್ಟು ಉದ್ದ. ಬೇಸಿಗೆಯೆಲ್ಲ ತೊಗಟೆಯ ಒಳಗೆ ಮೇಯುತ್ತದೆ. ಬೀಗರು ಆ ಹಿತ್ತಲಿಗೆ ಬರಲು ನಾಲ್ಕು ದಿನ ಇರುವಾಗ ಅದಕ್ಕೆ ಹೇಗೋ ಸುಳಿವು ಹತ್ತುತ್ತದೆ. ಮೇಯುವುದನ್ನು ನಿಲ್ಲಿಸಿ, ಹೊಟ್ಟೆಯಲ್ಲಿದ್ದುದನ್ನೆಲ್ಲ ತೂತಿನಿಂದಾಚೆ ತಳ್ಳಿ, ಒಳಗೆಲ್ಲ ಚೊಕ್ಕಟ ಮಾಡಿಕೊಂಡು, ಮುದುಡಿ ಮಲಗುತ್ತದೆ. ಹಂಡೆಯ ನೀರು ಕಲ್ಲಾದರೂ ಅದರ ಮೈಯೊಳಗಿನ ನೀರು ಕಲ್ಲಾಗುವುದಿಲ್ಲ. ಬೀಗರು ಹೋದ ಮೇಲೆ ಮೈಮುರಿದು ಎದ್ದು ಮತ್ತೆ ಮೇಯುತ್ತದೆ. ನಾಚಿಕೆಯಾಗುತ್ತದೆ, ಆದರೂ ಹೇಳಿಬಿಡುತ್ತೇನೆ: ಹುಳುವಾದರೂ ಎಷ್ಟು ಅಚ್ಚುಕಟ್ಟು ಎಂದು ನಾನು ಮನಸ್ಸಿನಲ್ಲೇ ಮೆಚ್ಚಿಕೊಂಡದ್ದುಂಟು.

ಏಕೆಂದರೆ ಅಚ್ಚುಕಟ್ಟು ನನ್ನ ಕಸುಬು. ನನ್ನ ಹೆಸರು ಬಾಳವ್ವ. ಕೌದಿ ಹೊಲಿಯುತ್ತೇನೆ. ಊರಿಗೆಲ್ಲ ಸೇರಿದ ದೊಡ್ಡ ಕೌದಿಯೊಂದಿದೆ, ಒಂದೊಂದು ಮನೆಯ ಒಂದೊಂದು ತುಂಡು ಬಟ್ಟೆ ಸೇರಿಸಿ ಹೊಲಿದದ್ದು. ಬೀಗರ ಜೊತೆ ಅದೂ ಮನೆಯಿಂದ ಮನೆಗೆ ಹೋಗುತ್ತದೆ, ಇಡೀ ಮನೆಯವರು ಅದೊಂದನ್ನೇ ಹೊದ್ದು ಮಲಗುತ್ತಾರೆ. ಅದನ್ನು ಹೊತ್ತೊಯ್ದು ಕೊಡುವವಳು ನಾನೇ. ಜೊತೆಗೆ ಬೀಗರು ಬರುವ ಮುಂಚೆ ಹಿತ್ತಲು ನೋಡುವ ಅಧಿಕಾರವೂ ನನ್ನದು. ಕಸ ಗುಡಿಸಿರಬೇಕು, ಕೊಳೆತ ಎಲೆ ಒಂದೂ ಇರಬಾರದು, ಮರದ ಬೊಡ್ಡೆಯನ್ನು ಬಿಸಿನೀರಿನಿಂದ ಉಜ್ಜಿ ತೊಳೆದು ಸುಣ್ಣ ಬಳಿದಿರಬೇಕು. ನಾನು ಒಳಗೆ ಕಾಲಿಟ್ಟರೆ ಗಂಡಸರೂ ಪೊರಕೆ ಹುಡುಕುತ್ತಿದ್ದರು. ಊರಲ್ಲೆಲ್ಲ ಹೆಚ್ಚು ಬೆಳ್ಳಗೆ ತೊಳೆದ ಮರ ನನ್ನದು. ಹೆಚ್ಚು ತೂತು ಬಿದ್ದದ್ದೂ ನನ್ನದೇ.

ಆ ವರ್ಷದ ಸರದಿ ಶುರುವಾಗುವ ಹೊತ್ತಿಗೆ ಅಡಿವೆಪ್ಪಜ್ಜ ಬಂದು ನನ್ನ ಮರದ ಸುತ್ತ ಎರಡು ಸುತ್ತು ಹಾಕಿದ. ಬೊಡ್ಡೆಯನ್ನು ಬೆರಳಿನಿಂದ ತಟ್ಟಿದ. ಟೊಳ್ಳು ಸದ್ದು.

"ಬಾಳವ್ವಾ, ನಾ ಸುಳ್ಳು ಹೇಳಿದ್ರ ನಿನಗೇನು ಉಪಯೋಗ? ಈ ಸಲ ಹುಳಾ ಮತ್ತ ಎದ್ದು ಮೇಯ್ತಂದ್ರ ಇದು ಹೂ ಬಿಡೂದಿಲ್ಲ. ಮುಂದಿನ ಸಲಕ್ಕ ನೀನೂ ನನ್ನ ಜೋಡಿ ಚಾದರ ಹಿಡಕೊಂಡು ಅಡ್ಡಾಡಾಕಿ."

ನಾನು ಹೆದರಿದೆ. ನನಗಾಗಿ ಅಲ್ಲ. ನನ್ನ ಗಂಡ ಫಕೀರಪ್ಪನಂಥ ನಿದ್ದೆಗಣ್ಣಿನ ಮನುಷ್ಯನಿಗೂ ಒಂದು ವ್ಯವಸ್ಥೆ ಹೇಗೋ ಆಗುತ್ತಿತ್ತು. ಆದರೆ ಮಗಳು ಗುರವ್ವ ಐದು ತಿಂಗಳ ಬಸುರಿ, ಚೊಚ್ಚಲು ಹೆರಿಗೆಗೆ ತವರಿಗೇ ಬರಬೇಕು. ಹದಿನಾರು ದಿನ ಅತ್ತ ಕೂಸಿನ ಮನೆಯ ಹಾಗೆ ನನ್ನ ಮನೆಯೂ ಆದರೆ ಬಾಣಂತಿಯನ್ನು ಎಲ್ಲಿ ಮಲಗಿಸಲಿ?

ನಾವು ಏನು ಮಾಡಿರಲಿಲ್ಲ? ಬೇವಿನೆಣ್ಣೆ ಬಿಟ್ಟೆವು, ಹೊಗೆ ಹಾಕಿದೆವು. ಒಬ್ಬರ ಮನೆಯಲ್ಲಿ ಬೀಗರನ್ನು ಕೈಮುಗಿದು ಎರಡು ದಿನ ಉಳಿಸಿಕೊಂಡೂ ನೋಡಿದೆವು. ಮರದ ಬೊಡ್ಡೆಯೇ ಸೀಳಿಹೋಯಿತು, ಒಳಗೆ ಹುಳು ಹಾಯಾಗಿ ಮಲಗಿತ್ತು.

ಬೀಗರು ಬಂದ ಒಂಬತ್ತನೆಯ ದಿನ ರಾಚವ್ವನ ಸರದಿ. ರಾಚವ್ವ ನಮ್ಮ ಮನೆಯವರ ತಂಗಿ, ನನ್ನ ನಾದಿನಿ. ಮಾತಿನಲ್ಲಿ ಜೋರು, ಕೆಲಸದಲ್ಲಿ ಅಷ್ಟಕ್ಕಷ್ಟೆ. ಅವಳ ಮನೆಯ ಪೊರಕೆ ಮೂಲೆಯಲ್ಲಿ ನಿಂತು ಬೇರು ಬಿಟ್ಟಿರಬೇಕು ಎಂದು ನಾನೇ ಎಷ್ಟೋ ಸಲ ಅಂದಿದ್ದೇನೆ. ಆ ಸಲ ಹಿತ್ತಲು ನೋಡಲು ಹೋದರೆ ನನಗೇ ಆಶ್ಚರ್ಯ. ಬೊಡ್ಡೆಗೆ ಕೆಮ್ಮಣ್ಣು ಬಳಿದು, ಅದರ ಮೇಲೆ ಸುಣ್ಣದ ಗೆರೆ ಎಳೆದು, ಮದುಮಗಳಂತೆ ಸಿಂಗರಿಸಿದ್ದಳು. ಒಂದು ತೂತೂ ಕಾಣಲಿಲ್ಲ. ಶಹಬ್ಬಾಸ್ ಎಂದು ಹೇಳಿ ಬಂದೆ.

ಬೀಗರು ಹೋದ ಮೇಲೆ ಕೌದಿ ತರಲು ಹೋದಾಗ ಗುಟ್ಟು ಬಯಲಾಯಿತು. ಚಳಿಗೆ ಕೆಮ್ಮಣ್ಣು ಬಿರಿದು ಒಂದು ಹಕ್ಕಳೆ ಉದುರಿಬಿದ್ದಿತ್ತು. ಒಳಗೆ ಕಪ್ಪು ಲೋಳೆ. ಮೂಗು ಮುಚ್ಚಿಕೊಳ್ಳುವಂಥ ವಾಸನೆ.

"ರಾಚವ್ವಾ, ಏನಿದು?"

ಅವಳು ಸೆರಗು ತಿರುವುತ್ತ ನಿಂತಳು. "ಸಿಟ್ಟಾಗಬ್ಯಾಡ ವೈನಿ. ತೂತು ಕಂಡ್ರ ಬೀಗರು ಏನಂತಾರ, ನೀ ಏನಂತಿ ಅಂತ ಹೆದರಿಕಿ ಆತು. ಗಿಡದ ಬುಡಕ ಕರಿ ಚುಕ್ಕಿ ಬಿದ್ದ ಎಲಿ ಕೊಳತು ಬಿದ್ದಿದ್ದುವು. ಎಂಟು ದಿನದ ಹಿಂದ ಅವನ್ನ ಕಲಸಿ ತೂತಿನಾಗ ತುರುಕಿ ಮ್ಯಾಲ ಮಣ್ಣು ಹಚ್ಚೀನಿ."

"ಬೀಗರನ್ನ ಕೊಳೆತ ಎಲಿ ಮುಂದ ಕುಂದರಿಸಿದಿ! ನಿನಗ ಮಾನ ಮರ್ಯಾದಿ ಐತೇನು?"

ಅಂದವಳೇ ಸೊಂಟದಲ್ಲಿದ್ದ ದಬ್ಬಣ ತೆಗೆದು, ಕೌದಿ ಹೊಲಿಯುವ ಕೈಯಲ್ಲೇ ಆ ಹೊಲಸನ್ನು ಕೆದಕಲು ಶುರುಮಾಡಿದೆ. ಲೋಳೆಯ ಹಿಂದೆ ಹುಳು ಸಿಕ್ಕಿತು. ದಬ್ಬಣ ತಾಗಿದರೆ ಮೆತ್ತಗೆ ಒತ್ತಿಕೊಳ್ಳಬೇಕಾದ ಹುಳು ಟಕ್ ಎಂದಿತು. ಇನ್ನೊಂದು ತೂತು ಕೆದಕಿದೆ, ಅದೂ ಟಕ್. ಅಂಗೈಯಲ್ಲಿಟ್ಟು ಹಿಸುಕಿದರೆ ಸಣ್ಣ ಮಂಜಿನ ಚೂರಿನಂತೆ ಮುರಿಯಿತು. ಬಿಸಿಲಿಗೆ ಹಾಕಿ ಮಧ್ಯಾಹ್ನದವರೆಗೆ ಕಾಯುತ್ತ ಕೂತೆ. ಕರಗಿ ನೀರಾಯಿತು, ಏಳಲಿಲ್ಲ. ರಾಚವ್ವ ಬೈಗುಳದ ಉಳಿದರ್ಧಕ್ಕೆ ಕಾದು ಕಾದು ಕೊನೆಗೆ ಒಳಗೆ ಹೋಗಿ ನನಗೆ ಚಹಾ ತಂದುಕೊಟ್ಟಳು.

ಆಮೇಲೆ ನನಗೆ ತಲೆಯಲ್ಲಿ ಅದೊಂದೇ. ನಮ್ಮ ಮರದಿಂದ ಇನ್ನೂ ಮೇಯುತ್ತಿದ್ದ ಹುಳುಗಳನ್ನು ತೊಗಟೆಯ ಸಮೇತ ಕಿತ್ತು ಎರಡು ಬೆಂಕಿಪೊಟ್ಟಣಗಳಲ್ಲಿ ಇಟ್ಟೆ. ಒಂದರಲ್ಲಿ ಬರೀ ತೊಗಟೆ, ಇನ್ನೊಂದರಲ್ಲಿ ತೊಗಟೆಯ ಜೊತೆ ರಾಚವ್ವನ ಹಿತ್ತಲ ಕೊಳೆತ ಎಲೆ. ನಾಲ್ಕು ದಿನ ಮೇಯಲು ಬಿಟ್ಟು, ಕೌದಿ ಕೊಡಲು ಹೋದಾಗ ಎರಡನ್ನೂ ಬೀಗರಿದ್ದ ಮನೆಯ ಕಿಟಕಿಯಲ್ಲಿಟ್ಟು ಬಂದೆ. ಮಾರನೆಯ ದಿನ ನೋಡಿದರೆ ಎರಡರಲ್ಲೂ ಹುಳುಗಳು ಬದುಕಿದ್ದವು. ನನಗೆ ಅಳುವೇ ಬಂತು. ಯೋಚಿಸಿದ ಮೇಲೆ ನನ್ನ ತಪ್ಪು ನನಗೇ ಹೊಳೆಯಿತು. ಹೊಲಸು ಮುಟ್ಟಲಾರದೆ ಆ ಎಲೆಗಳನ್ನು ಕುದಿಯುವ ನೀರಿನಲ್ಲಿ ಎರಡು ಸಲ ತೊಳೆದಿದ್ದೆ!

ಎರಡನೆಯ ಸಲ ತೊಳೆಯದೆ ಇಟ್ಟೆ. ಕೈ ಮೂಸಿಕೊಳ್ಳದೆ ಇಟ್ಟೆ. ಮಾರನೆಯ ಬೆಳಿಗ್ಗೆ ಬರೀ ತೊಗಟೆಯ ಹುಳುಗಳು ಅಂಗೈ ಬಿಸಿ ತಾಗುತ್ತಲೇ ಮೈಮುರಿದವು. ಎಲೆ ಮೇದ ಹುಳುಗಳು ಕಲ್ಲು. ಆರು ಮನೆಗಳಲ್ಲಿ ಹೀಗೆ ನೋಡಿದೆ, ಆರರಲ್ಲೂ ಅಷ್ಟೆ. ಚಳಿಗೆ ಜಗ್ಗದ ಹುಳುವಿನ ಗುಟ್ಟೆಲ್ಲ ಅದರ ಚೊಕ್ಕಟ ಹೊಟ್ಟೆಯಲ್ಲಿತ್ತು. ಹಾಲು ತಾನಾಗಿ ಮೊಸರಾಗುವುದಿಲ್ಲವಲ್ಲ, ಚೂರು ಹುಳಿ ಬಿಡಬೇಕು. ಹಾಗೆ ಆ ಕರಿಚುಕ್ಕೆಯ ಎಲೆಯಲ್ಲಿರುವುದೇನೋ ಹುಳುವಿನ ಹೊಟ್ಟೆ ಸೇರಿದರೆ, ಅದು ಎಷ್ಟು ಹೊರಗೆ ತಳ್ಳಿದರೂ ಚೂರು ಉಳಿದು, ಸಣ್ಣ ಚಳಿಗೇ ಅದರ ಒಳಗೆಲ್ಲ ಮಂಜು ಕಟ್ಟುತ್ತಿತ್ತು. ಆ ಎಲೆಯನ್ನೇ ನಾವು ವರ್ಷ ವರ್ಷವೂ ಗುಡಿಸಿ, ಬಿಸಿನೀರು ಹಾಕಿ ಉಜ್ಜಿ, ಹುಳುವಿಗೆ ಚೊಕ್ಕಟವಾದ ಹಾಸಿಗೆ ಹಾಸಿ ಕೊಟ್ಟಿದ್ದೆವು. ನಾವು ಯಾಕೆನ್ನಲಿ, ನಾನು. ಅಡಿವೆಪ್ಪಜ್ಜನ ಮರ ಸಾಯುವ ಹಿಂದಿನ ವರ್ಷ ಬೊಡ್ಡೆ ಸರಿಯಾಗಿ ತೊಳೆದಿಲ್ಲವೆಂದು ಇನ್ನೊಮ್ಮೆ ತೊಳೆಸಿದವಳು ನಾನೇ. ಅದು ನೆನಪಾದ ದಿನ ಊಟ ಸೇರಲಿಲ್ಲ.

ಅಜ್ಜನ ಮುಂದೆ ಎರಡೂ ಬೆಂಕಿಪೊಟ್ಟಣ ತೆರೆದು ತೋರಿಸಿ, ಆ ತಪ್ಪನ್ನೂ ಹೇಳಿಬಿಟ್ಟೆ. ಅವನು ಎರಡೂ ಪೊಟ್ಟಣ ಮುಚ್ಚಿ ನನ್ನ ಕೈಗೆ ಕೊಟ್ಟ.

"ಆದದ್ದಾತು. ಈಗ ನೀ ಏನ್ ಮಾಡಾಕಿ?"

"ನನ್ನ ಸರದಿ ಇನ್ನೂ ಬರೂದೈತಿ, ನಮ್ಮ ಮರ ಅಂತೂ ತೂತಿನ ಜರಡಿ ಆಗೈತಿ. ತೂತಿಗಷ್ಟ ಹಚ್ಚಿದ್ರ ಸಾಲೂದಿಲ್ಲಜ್ಜಾ. ಇಡೀ ಬೊಡ್ಡಿಗೆ ಕೊಳೆತ ಎಲಿ ಮೆತ್ತಬೇಕು."

"ರಾಚವ್ವ ಮುಚ್ಚಿಟ್ಟಿದ್ಲು, ಬೀಗರಿಗೆ ಕಾಣಲಿಲ್ಲ. ನೀ ಬಾಗಿಲದಾಗ ನಿಂತ್ರ ವಾಸನಿ ಬರೂಹಂಗ ಮಾಡಾಕಿ. ಹೊಲಸು ಕಂಡು ಬೀಗರು ಒಳಗ ಬರದ ಹಂಗ ಹಿಂದಕ್ಕ ಹೊಳ್ಳಿದ್ರ? ಮರ ಇದ್ದೂ ಸರದಿ ಹೋಗತೈತಿ. ಮೂರು ವರ್ಷ ನಿದ್ದಿ ಇಲ್ಲದವ ಹೇಳಾಕತ್ತೀನಿ, ತಂಗಿ. ಅದು ಆಟ ಅಲ್ಲ."

ಮನೆಗೆ ಬಂದು ನಮ್ಮ ಮನೆಯವರನ್ನು ಕೇಳಿದೆ. ಅವರು ಕಂಬಕ್ಕೊರಗಿ ತೂಕಡಿಸುತ್ತಿದ್ದವರು ಒಂದು ಕಣ್ಣು ತೆರೆದು, "ತೊಳದ ತೊಳದ ಸಾಯಿಸೂದಕಿಂತ ಇದೊಂದ ನೋಡು," ಎಂದು ಮತ್ತೆ ಕಣ್ಣು ಮುಚ್ಚಿದರು. ಮೂವತ್ತು ವರ್ಷದ ಸಂಸಾರದಲ್ಲಿ ಅವರು ನನ್ನ ತೊಳೆಯುವಿಕೆಯ ಬಗ್ಗೆ ಮಾತಾಡಿದ್ದು ಅದೇ ಮೊದಲು.

ನಮ್ಮ ಸರದಿಗೆ ಹತ್ತು ದಿನ ಇರುವಾಗ ನಾನು ಬುಟ್ಟಿ ಹಿಡಿದು ರಾಚವ್ವನ ಹಿತ್ತಲಿಗೆ ಹೋದೆ. ಊರಿನಲ್ಲಿ ಕೊಳೆತ ಎಲೆ ಉಳಿದಿದ್ದು ಅವಳೊಬ್ಬಳ ಬಳಿಯೇ, ನನಗೆ ಕಾಣದಂತೆ ಗೋಡೆಯ ಹಿಂದೆ ಗುಡ್ಡೆ ಹಾಕಿದ್ದು. ಉಳಿದವರ ಹಿತ್ತಲನ್ನೆಲ್ಲ ನಾನೇ ನಿಂತು ಗುಡಿಸಿ ಹಾಕಿಸಿದ್ದೆನಲ್ಲ.

"ಏನ್ ವೈನಿ, ನಮ್ಮನಿ ಕಸ ಕೇಳಾಕ ಬಂದೀರಿ?" ಎಂದಳು. ಕಣ್ಣಲ್ಲಿ ನಗು ಕುಣಿಯುತ್ತಿತ್ತು. ಬಹುವಚನ ಬೇರೆ.

"ಬಂದೀನವ್ವಾ. ಅಣಕಿಸೂದಿದ್ರ ಅಣಕಿಸು, ಎಲಿ ಮಾತ್ರ ಕೊಡು."

ಅವಳು ಅಣಕಿಸಿದಳು, ಬೇಕಾದಷ್ಟು ಅಣಕಿಸಿದಳು. ಹಾಗೆಯೇ ತಾನೂ ಒಂದು ಬುಟ್ಟಿ ತುಂಬಿ ತಲೆಯ ಮೇಲಿಟ್ಟುಕೊಂಡು ನನ್ನ ಜೊತೆ ಬಂದಳು. ಇಬ್ಬರೂ ಮೊಣಕೈವರೆಗೆ ಕಪ್ಪಾಗಿ ಬೊಡ್ಡೆಗೆಲ್ಲ ಮೆತ್ತಿದೆವು. ದಿನಾ ನೀರು ಚಿಮುಕಿಸಿ ಹಸಿಯಾಗಿಟ್ಟೆವು. ನನ್ನ ಬೆಳ್ಳನೆಯ ಮರ ಎಮ್ಮೆಯಂತಾಯಿತು. ದಾರಿಯಲ್ಲಿ ಹೋಗುವವರು ಮೂಗು ಮುಚ್ಚಿಕೊಂಡು ನಿಂತು ನೋಡಿ ಹೋಗುತ್ತಿದ್ದರು. ಆ ಹತ್ತು ದಿನ ನಾನು ಪೊರಕೆಯನ್ನು ಅಟ್ಟದ ಮೇಲಿಟ್ಟು ಏಣಿ ತೆಗೆದಿದ್ದೆ. ಕೈ ಅಷ್ಟು ತುರಿಸುತ್ತಿತ್ತು. ಎಂಟನೆಯ ದಿನ ಗುರವ್ವ ಬಂದಳು, ಏಳು ತಿಂಗಳ ಹೊಟ್ಟೆ ಹೊತ್ತು. ಹಿತ್ತಲಿಗೆ ಕಾಲಿಟ್ಟವಳೇ, "ಯವ್ವಾ, ನಿನಗ ಆರಾಮ ಐತಿಲ್ಲೋ?" ಎಂದು ನನ್ನ ಹಣೆ ಮುಟ್ಟಿ ನೋಡಿದಳು.

ಬೀಗರು ಬಂದದ್ದು ಹೇಗೆ ತಿಳಿಯುತ್ತದೆಂದರೆ, ಹೊಸ್ತಿಲ ಬಳಿ ಕಾಲಿಗೆ ನೀರು ಎಂದು ಹಿತ್ತಾಳೆಯ ಚರಿಗೆ ಇಡುತ್ತೇವೆ. ಅದರ ಮೇಲೆ ಕೆನೆಯಂತೆ ಮಂಜು ಕಟ್ಟಿದರೆ ಒಳಗೆ ಬಂದರು ಎಂದರ್ಥ. ಆ ದಿನ ಬೆಳಕು ಹರಿಯುವ ಮೊದಲೇ ಹುಣಸೆಹಣ್ಣು ಹಚ್ಚಿ ಬೆಳಗಿದ ಚರಿಗೆ ತುಂಬಿಟ್ಟು ಬಾಗಿಲಲ್ಲಿ ಕೂತೆ. ಪಕ್ಕದ ಮನೆಯವರು ತಮ್ಮ ಹಂಡೆಯ ನೀರು ಕರಗಿತೆಂದು ಕೂಗಿ ಹೇಳಿದರು. ಅಂದರೆ ಅಲ್ಲಿಂದ ಹೊರಟಾಯಿತು. ನಾನು ಚರಿಗೆಯನ್ನೇ ನೋಡುತ್ತ ಕೂತೆ. ನೀರು ನೀರಾಗಿಯೇ ಇತ್ತು. ಅಡಿವೆಪ್ಪಜ್ಜ ಚಾದರದೊಂದಿಗೆ ಬಂದು ಕಟ್ಟೆಯ ಮೇಲೆ ಕೂತ. ಬಿಸಿಲು ಎದುರು ಮನೆಯ ಮಾಳಿಗೆಗೆ ಬಂತು. ನೀರಿನಲ್ಲಿ ಬೆರಳಿಟ್ಟೆ. ತಣ್ಣಗಿತ್ತು, ಅಷ್ಟೆ.

ನನಗೆ ತಡೆಯಲಾಗಲಿಲ್ಲ. ಎದ್ದು ನಿಂತು ಖಾಲಿ ಬೀದಿಗೆ ಕೈಮುಗಿದೆ.

"ಹೌದು, ಹಿತ್ತಲ ಹೊಲಸೈತಿ. ಮರತು ಬಿಟ್ಟದ್ದಲ್ಲ, ಬೇಕಂತನಾ ಮಾಡೀನಿ. ಮೂವತ್ತು ವರ್ಷ ನಿಮ್ಮ ಸಲುವಾಗಿ ತೊಳದೀನಿ. ಇದೊಂದು ಸಲ ಒಳಗ ಬರ್ರಿ. ಕೂಸು ಮಲಗಬೇಕಾಗೈತಿ ಈ ಮನ್ಯಾಗ."

ಯಾರೂ ಬರಲಿಲ್ಲ. ಅಜ್ಜ ಮುಖ ಆಚೆ ತಿರುಗಿಸಿದ. ನಾನು ಕುಸಿದು ಕೂತು ಅತ್ತೆ, ಸೆರಗನ್ನೂ ಬಾಯಿಗೆ ಇಟ್ಟುಕೊಳ್ಳದೆ ಅತ್ತೆ.

ಅಷ್ಟರಲ್ಲಿ ಹಿಂದಿನಿಂದ ಗುರವ್ವನ ಕೂಗು. "ಯವ್ವಾ! ಏ ಯವ್ವಾ! ಅಲ್ಲೇನ್ ಮಾಡಾಕತ್ತಿ, ಹಿತ್ತಲಕ ಬಾ!"

ಓಡಿದೆ. ಹಿತ್ತಲ ಬಾಗಿಲಲ್ಲಿ ನನ್ನ ಉಸಿರು ಹೊಗೆಯಾಗಿ ಬಂತು. ಮರದ ಬೊಡ್ಡೆ ಬುಡದಿಂದ ಕೊಂಬೆಯವರೆಗೆ ಬೆಳ್ಳಗಾಗಿತ್ತು. ನಾನು ಎಷ್ಟು ಸುಣ್ಣ ಬಳಿದರೂ ಬಾರದಂಥ ಬಿಳುಪು. ಕೊಳೆತ ಎಲೆಯ ಮೇಲೆಲ್ಲ ಮಂಜು ಕೂದಲು ಕೂದಲಾಗಿ ನಿಂತಿತ್ತು, ನೋಡುತ್ತಿದ್ದಂತೆಯೇ ಮೇಲೇರುತ್ತಿತ್ತು. ಬೀಗರು ಬಂದು ಆಗಲೇ ಎಷ್ಟು ಹೊತ್ತಾಗಿತ್ತೋ. ನನ್ನ ಬೆಳಗಿದ ಚರಿಗೆಯತ್ತ ತಿರುಗಿಯೂ ನೋಡದೆ ಸೀದಾ ಹಿತ್ತಲಿಗೆ ಹೋಗಿ ಆ ಹೊಲಸಿನ ಮೇಲೆಯೇ ಕೂತಿದ್ದರು. ಚರಿಗೆಯ ನೀರು ಕೆನೆಗಟ್ಟಿದ್ದು ಆಮೇಲೆ, ನಾಷ್ಟಾದ ಹೊತ್ತಿಗೆ.

ಮಾರನೆಯ ಬೆಳಿಗ್ಗೆ ದಬ್ಬಣ ಹಿಡಿದು ಮರದ ಬುಡದಲ್ಲಿ ಕೂತೆ. ಗುರವ್ವ, ರಾಚವ್ವ, ಅಜ್ಜ ಸುತ್ತ ನಿಂತರು. ಮೊದಲ ತೂತು, ಟಕ್. ಎರಡನೆಯದು, ಟಕ್. ಮೂರನೆಯದಕ್ಕೆ ಅಜ್ಜ ನನ್ನ ಕೈಯಿಂದ ದಬ್ಬಣ ಕಿತ್ತುಕೊಂಡು ತಾನೇ ಕೆದಕಿದ. ಟಕ್ ಎಂದಾಗ ಅವನ ಕೆಂಗಣ್ಣು ತುಂಬಿ ಬಂತು. ಎಲ್ಲವೂ ಸತ್ತಿದ್ದವು ಎಂದರೆ ಸುಳ್ಳಾಗುತ್ತದೆ. ಮೇಲಿನ ಕೊಂಬೆಗಳಲ್ಲಿ, ನಮ್ಮ ಕೈಗೆಟುಕದಲ್ಲಿ, ಕೆಲವು ಮೆತ್ತಗೆ ಸಿಕ್ಕವು. ಆದರೆ ಮರ ಉಸಿರಾಡುವಷ್ಟು ಜಾಗ ಬಿಟ್ಟಿದ್ದವು.

ಹೂ ಬಂತು. ಒಂದು ಮಗ್ಗುಲಿಗೆ ದಟ್ಟವಾಗಿ, ಇನ್ನೊಂದು ಮಗ್ಗುಲಿಗೆ ಅಲ್ಲೊಂದು ಇಲ್ಲೊಂದು. ಹೂ ಉದುರುವ ಹೊತ್ತಿಗೆ ಗುರವ್ವನಿಗೆ ಹೆಣ್ಣು ಕೂಸು ಹುಟ್ಟಿತು. ತೊಟ್ಟಿಲಿಗೆ ಹಾಕಿದ ದಿನ ಅದು ಆಕಳಿಸಿ ಮಲಗಿದ್ದು ನೋಡಿ ನಾನು ತೊಟ್ಟಿಲ ಹಗ್ಗ ಬಿಟ್ಟು ಗೋಡೆಗೆ ಒರಗಿ ನಿಂತೆ. ಅಜ್ಜ ಕೂಸನ್ನು ನೋಡಲು ಬಂದವನು ಬಹಳ ಹೊತ್ತು ಹೋಗಲೇ ಇಲ್ಲ. "ಎಷ್ಟ್ ಚಂದ ಮಲಗೈತಿ ನೋಡು," ಎಂದು ಮೂರು ಸಲ ಹೇಳಿದ. ಹೊರಡುವಾಗ ನಮ್ಮ ಮರದ ಕಸಿ ಕಟ್ಟಿದ ಒಂದು ಸಸಿಯನ್ನು ಕೈಗೆ ಕೊಟ್ಟೆ. ಮೊಳಕಾಲುದ್ದವಿತ್ತು.

"ಇಷ್ಟ ಸಣ್ಣದಕ್ಕ ಬೀಗರು ಬರತಾರೇನು?"

"ನನಗ ಗೊತ್ತಿಲ್ಲಜ್ಜಾ. ಹೊಲಸಿಗೆ ಬರೂದಿಲ್ಲ ಅಂತ ನೀನ ಅಂದಿದ್ದಿ."

ಮುಂದಿನ ಸಲ ನಾನು ಹಿತ್ತಲು ನೋಡಲು ಹೊರಟಾಗ ಜೊತೆಯಲ್ಲಿ ರಾಚವ್ವನೂ ಇದ್ದಳು. ಕದ್ದು ಬೊಡ್ಡೆ ತೊಳೆದವರಿಗೆ ಅವಳಿಂದಲೇ ಬೈಸಿದೆ. ಅಷ್ಟು ಖುಷಿಯಾಗಿ ಅವಳು ಯಾವ ಕೆಲಸವನ್ನೂ ಮಾಡಿದ್ದು ನಾನು ಕಾಣೆ. ಅಜ್ಜನ ಸಸಿಗೆ ಅವಳೇ ಕೂತು ಎಲೆ ಮೆತ್ತಿದಳು, ಅದರ ನಾಲ್ಕೆಲೆ ಮುರಿಯದಂತೆ, ಕೂಸಿಗೆ ಎಣ್ಣೆ ಹಚ್ಚಿದ ಹಾಗೆ. ಅವನ ಸರದಿಯ ದಿನ ನಸುಕಿನಲ್ಲೇ ಕೌದಿಯನ್ನು ಅಜ್ಜನ ಮನೆಯ ಕಟ್ಟೆಯ ಮೇಲಿಟ್ಟು ಬಂದೆ. ಬಂದರೆ ಹೊದ್ದುಕೋ ಎಂದೆ.

ಮಾರನೆಯ ದಿನ ಬೆಳಿಗ್ಗೆ ಕೌದಿ ತರಲು ಹೋದೆ. ಬಿಸಿಲೇರಿದ್ದರೂ ಅಜ್ಜನ ಬಾಗಿಲು ಮುಚ್ಚಿತ್ತು. ನಾಲ್ಕು ವರ್ಷದಲ್ಲಿ ಆ ಹೊತ್ತಿಗೆ ಅದು ಮುಚ್ಚಿದ್ದನ್ನು ಯಾರೂ ಕಂಡಿರಲಿಲ್ಲ. ಕಟ್ಟೆಯ ಮೇಲೆ ಕೌದಿ ಇರಲಿಲ್ಲ. ಮುಂದಿನ ಮನೆಯವರು ಕೌದಿ ಎಲ್ಲಿ, ನಮ್ಮ ಸರದಿ ಬಂತು ಎಂದು ಆಗಲೇ ಕೂಗತೊಡಗಿದ್ದರು. ಬಾಗಿಲು ತಟ್ಟಲು ಕೈ ಎತ್ತಿದೆ. ಒಳಗಿನಿಂದ ಗೊರಕೆ ಕೇಳಿಸಿತು. ಕಿಟಕಿಯ ಸರಳು ಅದುರುವಂಥ ಗೊರಕೆ.

ಎತ್ತಿದ ಕೈಯನ್ನು ಇಳಿಸಿದೆ. ಮುಂದಿನ ಮನೆಗೆ ಹೋಗಿ, "ಇವತ್ತೊಂದಿನ ನಿಮ್ಮ ನಿಮ್ಮ ಚಾದರಾ ಹೊಚಗೊಂಡು ಮಲಕೊಳ್ರಿ, ಕೌದಿ ಬರೂದಿಲ್ಲ," ಎಂದು ಹೇಳಿ, ಮನೆಯ ದಾರಿ ಹಿಡಿದೆ.